ನಿನ್ನ ಚಿತ್ರ ಇರುವುದು ಮೂರನೆಯ ದೃಶ್ಯದಲ್ಲಿ

ಪ್ರೀತಿಯ ತಂಗಿ,

ನೀನು ಕಳಿಸಿದ ಕಿರುಚಿತ್ರದ ಚಿತ್ರಕಥೆ ಓದಿದೆ. ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಮೊಬೈಲ್ ಹಿಡಿದು ಕೂತಿರುವ ಮೊದಲ ದೃಶ್ಯವನ್ನು ತೆಗೆದುಬಿಡು. ಕೊನೆಗೆ ಹಿನ್ನೆಲೆ ದನಿಯೊಂದು ‘ಮೊಬೈಲ್ ಬದಿಗಿಡಿ, ಮನುಷ್ಯರನ್ನು ನೋಡಿ’ ಎನ್ನುತ್ತದಲ್ಲ, ಅದೂ ಬೇಡ. ಆ ಉಪದೇಶವನ್ನು ಜನ ಸಾಕಷ್ಟು ಕೇಳಿದ್ದಾರೆ.

ನಿನ್ನ ಚಿತ್ರ ಇರುವುದು ಮೂರನೆಯ ದೃಶ್ಯದಲ್ಲಿ. ತೀರ್ಥಹಳ್ಳಿಯ ತಾಯಿ ಬೆಂಗಳೂರಿನ ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸುವ ಆ ದೃಶ್ಯವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿ ಮುಂದಕ್ಕೆ ಓಡಿದ್ದೀಯಲ್ಲ, ನನಗೆ ಸಂಕಟವಾಯಿತು. ಅಲ್ಲಿ ನಿಲ್ಲು. ಆಕೆ ಮೈಕ್ ಗುರುತನ್ನು ಒತ್ತಿ ಹಿಡಿಯುತ್ತಾಳೆ. ಮಂಡಿನೋವಿನ ಮಾತು ಶುರು ಮಾಡಿ, ಬೇಡವೆನಿಸಿ, ಬೆರಳನ್ನು ಎಡಕ್ಕೆ ಸರಿಸಿ ಅಳಿಸುತ್ತಾಳೆ. ಗಂಟಲು ಸರಿಮಾಡಿಕೊಂಡು ಮತ್ತೆ ಒತ್ತುತ್ತಾಳೆ. ದನಿಗೆ ಗೆಲುವು ತಂದುಕೊಂಡು ‘ಊಟ ಆಯಿತಾ ಮಗನೇ? ಇಲ್ಲಿ ಎಲ್ಲ ಚೆನ್ನಾಗಿದೆ’ ಎನ್ನುತ್ತಾಳೆ. ಮಗ ಎದುರಿಗೇ ಇದ್ದಿದ್ದರೆ ಮುಚ್ಚಿಡಲು ಆಗುತ್ತಿತ್ತೇ? ಏಳುವಾಗ ಕೈ ತಾನಾಗಿ ಮಂಡಿಯ ಮೇಲೆ ಹೋಗುತ್ತಿತ್ತು. ತಾಯಿಯ ದನಿಯನ್ನು ಅಷ್ಟು ದೂರ ತಲುಪಿಸುವ ಸಾಧನವೇ ಅವಳ ನೋವನ್ನು ಅಡಗಿಸಲೂ ನೆರವಾಗುತ್ತಿದೆ. ನೀನು ಬರೆಯಬೇಕಾದದ್ದು ಇದನ್ನು.

ಅದಕ್ಕೆ ಆ ಸಾಧನದ ಒಳಹೊರಗು ನಿನಗೆ ಗೊತ್ತಿರಬೇಕು. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ನೀಲಿ ಟಿಕ್ ತಂದಿತು. ಸಂದೇಶ ಓದಿದ್ದು ಕಳಿಸಿದವರಿಗೆ ತಿಳಿಯತೊಡಗಿತು. ಬೇಡವಾದವರು ಅದನ್ನು ಆಫ್ ಮಾಡಿಡಬಹುದು. ಆದರೆ ಧ್ವನಿ ಸಂದೇಶಕ್ಕೆ ಆ ಮರೆ ಇಲ್ಲ, ಕೇಳಿದ ಕೂಡಲೇ ಅದರ ಮೈಕ್ ಗುರುತು ನೀಲಿಯಾಗುತ್ತದೆ. ಮಗ ನೀಲಿ ಟಿಕ್ ಆಫ್ ಮಾಡಿಟ್ಟಿದ್ದಾನೆ ಎಂದುಕೋ. ಅಮ್ಮ ಬರೆದದ್ದನ್ನು ಓದಿಯೂ ಓದದವನಂತೆ ಇರಬಲ್ಲ; ದನಿ ಕೇಳಿದರೆ ಸಿಕ್ಕಿಬೀಳುತ್ತಾನೆ. ಹಾಗಾಗಿ ಕೇಳುವುದನ್ನೇ ಮುಂದೂಡುತ್ತಾನೆ. ಅವನನ್ನು ಕಲ್ಲುಮನಸ್ಸಿನವನನ್ನಾಗಿ ಮಾಡಬೇಡ. ಅವನೂ ಏನನ್ನೋ ಮುಚ್ಚಿಟ್ಟಿದ್ದಾನೆ. ಕೆಲಸ ಹೋಗಿರಬಹುದು, ಸಾಲವಿರಬಹುದು. ಏನೆಂದು ನೀನೇ ಕಂಡುಕೋ.

ಟೊರಾಂಟೊದಲ್ಲಿ ಓದುತ್ತಿದ್ದ ವಾಲ್ಟರ್ ವುಡ್‌ಮನ್ ಮತ್ತು ಪ್ಯಾಟ್ರಿಕ್ ಸೆಡರ್‌ಬರ್ಗ್ ಮಾಡಿದ, 2013ರಲ್ಲಿ ತೆರೆಕಂಡ ‘ನೋವಾ’ ಕಿರುಚಿತ್ರವನ್ನು ನೋಡು. ಸುಮಾರು 17 ನಿಮಿಷದ ಇಡೀ ಕಥೆ ಹುಡುಗನೊಬ್ಬನ ಪರದೆಯ ಮೇಲೆಯೇ ನಡೆಯುತ್ತದೆ. ಗೆಳತಿ ಸ್ಕೈಪ್‌ನಲ್ಲಿ ಮಾತನಾಡುತ್ತಿರುವಾಗಲೇ ಅವನು ಬೇರೆ ಬೇರೆ ಪುಟ ತೆರೆಯುತ್ತಿರುತ್ತಾನೆ. ಅನುಮಾನ ಹುಟ್ಟಿದ ಮೇಲೆ ಅವಳ ಫೇಸ್‌ಬುಕ್ ಖಾತೆಗೇ ನುಗ್ಗುತ್ತಾನೆ. ಅವನ ಗಮನ ಎಲ್ಲೆಲ್ಲಿ ಅಲೆಯುತ್ತಿದೆ ಎಂಬುದನ್ನು ಕರ್ಸರ್ ತೋರಿಸಿಬಿಡುತ್ತದೆ, ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಮಾತು. ಕಿವಿ ಕೇಳದವರು ವಿಡಿಯೊ ಕರೆಯಲ್ಲಿ ದೂರದ ಬಂಧುಗಳೊಡನೆ ಸನ್ನೆ ಭಾಷೆಯಲ್ಲಿ ಮನಸಾರೆ ಹರಟುವುದನ್ನು ನೋಡಿದ್ದೇನೆ. ಅಂದಿನಿಂದ ಮೊಬೈಲನ್ನು ಖಳನಾಯಕನನ್ನಾಗಿ ಮಾಡುವ ಕಥೆಗಳು ನನಗೆ ಒಗ್ಗುವುದಿಲ್ಲ.

ಸಂಭಾಷಣೆ ಕಡಿಮೆ ಮಾಡು. ತಾಯಿ ಅಳಿಸುವ ಕ್ಷಣಕ್ಕೆ ಸಂಗೀತ ಹಾಕಬೇಡ. ತಿದ್ದಿದ ಪ್ರತಿಯನ್ನು ಬೇಗ ಕಳಿಸು. ಮಗ ಆ ಸಂದೇಶ ಕೇಳಿದನೋ ಇಲ್ಲವೋ ನನಗೆ ತಿಳಿಯಬೇಕಾಗಿದೆ.

ಇಂತಿ,
ನಿನ್ನ ಅಕ್ಕ