ಕೋಲ್ಕತ್ತಾಗೆ ಟ್ರಾಮ್ ಮತ್ತೆ ಬೇಕಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ‘ಅಲ್ಲಿ ಮೆಟ್ರೊ ಇದೆ, ಎಲೆಕ್ಟ್ರಿಕ್ ಬಸ್ ಬಂದಿದೆ. ಇನ್ನೂ ಟ್ರಾಮ್ ಬೇಕು ಅಂತ ಯಾಕೆ ಹಟ? ಹಳೆಯದರ ಮೇಲಿನ ಪ್ರೀತಿ ತಾನೇ?’ ಎಂದೆ. ನೀನು ರಸ್ತೆ, ಸಂಚಾರದ ಕೆಲಸದಲ್ಲೇ ಇರುವವನು. ಪ್ರೀತಿ ಗೀತಿ ಅಂದರೆ ನಿನಗೆ ಸಾಲದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟ್ರಾಮ್ ವಾಪಸ್ ಬರಬೇಕು. ಆದರೆ ಎಲ್ಲ ಹಳೇ ದಾರಿಗಳಿಗೂ ಬೇಡ. ಎಲ್ಲಿ ರಸ್ತೆಯ ಒಂದು ಪಾಲನ್ನು ಪೂರ್ತಿ ಅದಕ್ಕೇ ಬಿಟ್ಟುಕೊಡಬಹುದೋ ಅಲ್ಲಿ ಮಾತ್ರ ಬರಲಿ. ಮತ್ತೆ ಕಾರುಗಳ ನಡುವೆ ಸಿಕ್ಕಿಹಾಕಿಸುವುದಾದರೆ ತರುವುದೇ ಬೇಡ.

ಹಿಂದಿನದನ್ನು ಸ್ವಲ್ಪ ಹೇಳುತ್ತೇನೆ. ಇಲ್ಲಿ ಮೊದಲ ಟ್ರಾಮ್ ಓಡಿದ್ದು 1873ರ ಫೆಬ್ರವರಿ 24ರಂದು, ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ. ಕುದುರೆಗಳು ಎಳೆಯುತ್ತಿದ್ದವು. ಜನ ಹತ್ತಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ನಿಂತೂ ಹೋಯಿತು. ಆಮೇಲೆ 1880ರಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ ಬಂತು. ನಡುವೆ ಉಗಿ ಎಂಜಿನ್ನನ್ನೂ ಹೂಡಿ ನೋಡಿದರು. 1902ರಲ್ಲಿ ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಶುರುವಾಯಿತು. ಏಷ್ಯಾದಲ್ಲೇ ಮೊದಲನೆಯದು ಎಂದು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅದು ಸರಿಯಲ್ಲ. ನಮ್ಮ ಪಕ್ಕದ ಮದ್ರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಓಡಿತ್ತು. ಮದ್ರಾಸಿನದು 1953ರಲ್ಲಿ ನಿಂತಿತು, ಬೊಂಬಾಯಿಯದು 1964ರಲ್ಲಿ. ಕೋಲ್ಕತ್ತಾದ್ದು ಮಾತ್ರ ಉಳಿಯಿತು.

ಈ ಊರಿನವರಿಗೆ ಟ್ರಾಮ್ ಎಷ್ಟು ಹತ್ತಿರದ್ದು ಅನ್ನುವುದಕ್ಕೆ 1953ರ ಜುಲೈ ಸಾಕು. ಎರಡನೇ ದರ್ಜೆಯ ಟಿಕೆಟ್ಟಿಗೆ ಒಂದು ಪೈಸೆ ಏರಿಸಿದರು. ಊರಿಗೆ ಊರೇ ಬೀದಿಗಿಳಿಯಿತು. ಟ್ರಾಮುಗಳು ಸುಟ್ಟವು, ಲಾಠಿ ಗುಂಡು ಎಲ್ಲ ನಡೆದವು. ಕೊನೆಗೆ ಏರಿಕೆಯನ್ನು ಕೈಬಿಟ್ಟರು. ದುಡಿಯುವವರು ದಿನವೂ ಹತ್ತುತ್ತಿದ್ದ ಗಾಡಿ ಅದು. ಅದಕ್ಕೇ ಒಂದು ಪೈಸೆಯೂ ಅಷ್ಟು ಉರಿಸಿತು. ಈಗ ಅದನ್ನು ಬರೀ ಪ್ರವಾಸಿಗರ ಗಾಡಿ ಮಾಡುತ್ತೇವೆ ಎಂದು ಸರ್ಕಾರ ಹೇಳಿದಾಗ ನನಗೆ ನೋವಾಗುವುದು ಇದೇ ಕಾರಣಕ್ಕೆ.

2011ರಲ್ಲಿ 37 ಮಾರ್ಗಗಳಿದ್ದವು. 2023ರಲ್ಲಿ 150 ವರ್ಷದ ಹಬ್ಬ ಮಾಡುವ ಹೊತ್ತಿಗೆ ಎರಡು ಮೂರು ಉಳಿದಿದ್ದವು. 2024ರ ಸೆಪ್ಟೆಂಬರಿನಲ್ಲಿ ಸಾರಿಗೆ ಮಂತ್ರಿಗಳು, ಊರ ನಡುವಿನ ದೊಡ್ಡ ಬಯಲಾದ ಮೈದಾನ್ ಮತ್ತು ಎಸ್ಪ್ಲನೇಡ್ ನಡುವೆ ಒಂದು ಪಾರಂಪರಿಕ ಓಡಾಟ ಬಿಟ್ಟು ಬೇರೆಲ್ಲ ನಿಲ್ಲುತ್ತದೆ ಎಂದರು. ವಿಷಯ ಹೈಕೋರ್ಟಿನಲ್ಲಿತ್ತು. 2025ರ ಜನವರಿಯಲ್ಲಿ ಕೋರ್ಟು, ಹಳಿಗಳ ಮೇಲೆ ಟಾರು ಸುರಿಯುವುದನ್ನು ನಿಲ್ಲಿಸಿ ಎಂದಿತು. ಆ ಟಾರಿನಡಿಯ ಹಳಿಗಳನ್ನೇ ನಾನು ನಂಬಿಕೊಂಡಿರುವುದು.

ಸರ್ಕಾರದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಊರಿನ ಒಟ್ಟು ಜಾಗದಲ್ಲಿ ರಸ್ತೆ ಇರುವುದು ಆರೇಳು ಪರ್ಸೆಂಟ್ ಅಷ್ಟೇ. ವಾಹನ ವಿಪರೀತ. ಟ್ರಾಮ್ ನಿಧಾನ, ಪಕ್ಕಕ್ಕೆ ಸರಿಯಲು ಬರುವುದಿಲ್ಲ, ಒಂದು ಕೆಟ್ಟು ನಿಂತರೆ ಹಿಂದಿನದೆಲ್ಲ ನಿಲ್ಲುತ್ತದೆ. ಇದೆಲ್ಲ ನಿಜ. ಮಳೆಯಲ್ಲಿ ಹಳಿಯ ಮೇಲೆ ಬೈಕು ಜಾರುವುದೂ ನಿಜ. ಆದರೆ ಅದೇ ಆರೇಳು ಪರ್ಸೆಂಟನ್ನು ಇನ್ನೊಂದು ಕಡೆಯಿಂದ ನೋಡು. ಜಾಗ ಕಡಿಮೆ ಇರುವ ಊರಿನಲ್ಲಿ ಒಬ್ಬನನ್ನು ಹೊತ್ತ ಕಾರಿಗೆ ಜಾಸ್ತಿ ಜಾಗ ಕೊಡಬೇಕಾ, ಎರಡು ಬೋಗಿ ತುಂಬ ಜನ ಇರುವ ಗಾಡಿಗೆ ಕೊಡಬೇಕಾ? ಈ ಲೆಕ್ಕ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಇನ್ನು, ನಿಧಾನ ಆಗಿದ್ದು ಹೇಗೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ರಾಸ್‌ಬಿಹಾರಿ ಅವೆನ್ಯೂದಂಥ ಅಗಲ ರಸ್ತೆಗಳಲ್ಲಿ ಮೊದಲು ಟ್ರಾಮಿಗೆ ನಡುವೆ ಬೇರೆಯೇ ಪಟ್ಟಿ ಇತ್ತು. ಹುಲ್ಲಿನ ನಡುವೆ ಹಳಿ, ಎರಡೂ ಪಕ್ಕ ಕಟ್ಟೆ. ಕಾರು ಒಳಗೆ ಬರುವಂತಿರಲಿಲ್ಲ. ಜನ ಆ ಕಟ್ಟೆಯ ಮೇಲೆ ನಿಂತು ಹತ್ತುತ್ತಿದ್ದರು. ಆಮೇಲೆ ರಸ್ತೆ ಅಗಲ ಮಾಡುವ ಹೆಸರಲ್ಲಿ ಕಟ್ಟೆ ಒಡೆದರು, ಹಳಿಯನ್ನು ಕಾಂಕ್ರೀಟಿನಲ್ಲಿ ಹೂತರು, ಎಲ್ಲ ವಾಹನಗಳನ್ನೂ ಅದರ ಮೇಲೆ ಬಿಟ್ಟರು. ಅಂದಿನಿಂದ ಟ್ರಾಮ್ ಹತ್ತಬೇಕಾದರೆ ಓಡುವ ವಾಹನಗಳ ನಡುವೆ ರಸ್ತೆಯ ಮಧ್ಯಕ್ಕೆ ಹೋಗಬೇಕು. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು ಹೋಗುತ್ತಾರಾ? ಜನ ಬಿಟ್ಟರು. ಜನ ಬಿಟ್ಟಿದ್ದಾರೆ ಎಂದು ಗಾಡಿ ಕಡಿಮೆ ಮಾಡಿದರು. ಗಾಡಿ ಯಾವಾಗ ಬರುತ್ತದೋ ಗೊತ್ತಾಗದೆ ಉಳಿದವರೂ ಬಿಟ್ಟರು. ಆಮೇಲೆ 2018ರಲ್ಲಿ ಮಾಜೇರ್‌ಹಾಟ್ ಸೇತುವೆ ಕುಸಿಯಿತು. ಹಳೇ ಸೇತುವೆಗಳ ಮೇಲಿನ ಭಾರದ ಭಯ ಶುರುವಾಯಿತು. ಸೇತುವೆಗಳ ಮೇಲಿನ ಟ್ರಾಮ್ ನಿಂತಿತು, ದಾರಿಗಳು ತುಂಡು ತುಂಡಾದವು. 2020ರ ಆಂಫಾನ್ ಚಂಡಮಾರುತ ತಂತಿಗಳನ್ನು ಕೆಡವಿತು. ಖಿದಿರ್‌ಪುರದ ದಾರಿ ಆಗ ನಿಂತಿದ್ದು, ಆಮೇಲೆ ಶುರುವಾಗಲೇ ಇಲ್ಲ.

ನಮ್ಮ ಬೆಂಗಳೂರಿನ ಔಟರ್ ರಿಂಗ್ ರೋಡ್ ನೆನಪಿದೆಯಲ್ಲ? 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಒಂದು ಲೇನ್ ಬಿಟ್ಟರು. ಬೊಲಾರ್ಡ್ ಎಂಬ ಗಿಡ್ಡ ಕಂಬಗಳನ್ನು ನೆಟ್ಟು ಬೇರೆ ಮಾಡಿದರು. ಬಸ್ ಸರಾಗವಾಗಿ ಓಡುತ್ತಿತ್ತು. ಆಮೇಲೆ ಬೊಲಾರ್ಡ್ ಒಡೆದವು, ಕಾರು ನುಗ್ಗಿತು, ಮೆಟ್ರೊ ಕೆಲಸ ಬಂತು, ಲೇನೇ ಹೋಯಿತು. ದೆಹಲಿಯಲ್ಲಿ ಬಸ್ಸಿಗೆಂದೇ ಬಿಟ್ಟಿದ್ದ ದಾರಿಯನ್ನೂ (ಬಿ.ಆರ್.ಟಿ.) ಕೊನೆಗೆ ಕಿತ್ತುಹಾಕಿದರು. ಬಸ್ ಆಗಲಿ ಟ್ರಾಮ್ ಆಗಲಿ, ಅದರ ದಾರಿಯನ್ನು ಕಾಯುವವರು ಇಲ್ಲದಿದ್ದರೆ ಯಾವ ಗಾಡಿಯೂ ಉಳಿಯುವುದಿಲ್ಲ.

ನೀನು ಹೊರದೇಶದ ಉದಾಹರಣೆಯನ್ನೂ ಕೇಳಿದ್ದೆ. ಎರಡು ಹೇಳುತ್ತೇನೆ, ಎರಡೂ ಹಳೇ ಊರುಗಳೇ. ಫ್ರಾನ್ಸಿನ ಬೋರ್ಡೊ 1958ರಲ್ಲಿ ಟ್ರಾಮ್ ನಿಲ್ಲಿಸಿ 2003ರಲ್ಲಿ ವಾಪಸ್ ತಂದಿತು. ಹಳೇ ಕಟ್ಟಡಗಳ ಮುಂದೆ ತಂತಿ ಬೇಡವೆಂದು ನಡುವಿನ ಹಳಿಯಿಂದ ವಿದ್ಯುತ್ ಕೊಡುವ ಏರ್ಪಾಡು ಮಾಡಿದರು. ಗಾಡಿ ಮೇಲೆ ಬಂದಾಗ ಮಾತ್ರ ಆ ಭಾಗಕ್ಕೆ ವಿದ್ಯುತ್ ಹರಿಯುತ್ತದೆ. ಮೊದಮೊದಲು ಅದು ತುಂಬಾ ಕೈಕೊಟ್ಟಿತು. ಆದರೂ ಬಿಡಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅವರು ಟ್ರಾಮ್ ತಂದಾಗ ಊರ ನಡುವಿನ ಬೀದಿಗಳಿಂದ ಕಾರನ್ನು ಹೊರಗೆ ಹಾಕಿದರು, ನದಿ ದಂಡೆಯ ಪಾರ್ಕಿಂಗ್ ತೆಗೆದರು. 2007ರಲ್ಲಿ ಯುನೆಸ್ಕೊ ಅದೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಟ್ರಾಮ್ ಓಡುತ್ತಿರುವಾಗಲೇ.

ಸ್ಕಾಟ್ಲೆಂಡಿನ ಎಡಿನ್‌ಬರೊದ ಕಥೆ ಎಚ್ಚರಿಕೆಯದು. 14 ಕಿ.ಮೀ. ಹಾಕಲು 776 ಮಿಲಿಯನ್ ಪೌಂಡ್ ಖರ್ಚಾಯಿತು. ಮೂರು ವರ್ಷ ತಡವಾಗಿ 2014ರಲ್ಲಿ ಶುರುವಾಯಿತು. ನೆಲದಡಿಯ ಪೈಪು, ಕೇಬಲ್ ಸರಿಸುವುದೇ ದೊಡ್ಡ ರಾಮಾಯಣ, ಮೇಲೆ ಗುತ್ತಿಗೆದಾರರ ಜೊತೆ ಜಗಳ. ಊರಿನವರು ಬೇಸತ್ತಿದ್ದರು. ಇಷ್ಟಾದ ಮೇಲೂ 2023ರಲ್ಲಿ ಅದೇ ದಾರಿಯನ್ನು ನ್ಯೂಹೇವನ್‌ವರೆಗೆ ಬೆಳೆಸಿದರು ಅನ್ನುವುದನ್ನೂ ಹೇಳಬೇಕು.

ಕೋಲ್ಕತ್ತಾದ ಅನುಕೂಲ ಇರುವುದು ಇಲ್ಲೇ. ಇಲ್ಲಿ ಹೊಸದಾಗಿ ಅಗೆಯಬೇಕಾದ್ದು ಕಡಿಮೆ. ಬಹಳ ಕಡೆ ಹಳಿ ಇನ್ನೂ ನೆಲದಲ್ಲೇ ಇದೆ. ನೊನಾಪುಕುರದಲ್ಲಿ ಟ್ರಾಮ್ ರಿಪೇರಿ ಮಾಡುತ್ತಾ ಬಂದ ಕಾರ್ಖಾನೆ ಇದೆ. ಡಿಪೊ ಜಾಗಗಳಲ್ಲಿ ಕೆಲವು ರಿಯಲ್ ಎಸ್ಟೇಟಿನ ಪಾಲಾದವು, ಆದರೆ ಗರಿಯಾಹಾಟ್, ಶ್ಯಾಮ್‌ಬಜಾರ್‌ನಂಥವು ಉಳಿದಿವೆ. ಪೂರ್ವ–ಪಶ್ಚಿಮ ಮೆಟ್ರೊಗೆ 16.6 ಕಿ.ಮೀ.ಗೆ ಹತ್ತು ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಹಿಡಿಯಿತು. 2019ರಲ್ಲಿ ಅದರ ಸುರಂಗ ಕೊರೆಯುವಾಗ ಬೌಬಜಾರಿನಲ್ಲಿ ಹಳೇ ಮನೆಗಳು ಕುಸಿದವು, ನೂರಾರು ಜನ ಮನೆ ಬಿಟ್ಟು ಹೋಟೆಲುಗಳಲ್ಲಿ ಇರಬೇಕಾಯಿತು. ಮೆಟ್ರೊ ಬೇಡ ಅನ್ನುತ್ತಿಲ್ಲ. ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಹಳೇ ಊರಿನ ಅಡಿಯಲ್ಲಿ ಅಗೆಯುವುದಕ್ಕೂ ಒಂದು ಬೆಲೆ ಇದೆ, ಅದನ್ನು ಅಲ್ಲಿನವರು ಕೊಟ್ಟಿದ್ದಾರೆ.

ಸರಿ, ಎಲ್ಲಿ ತರಬೇಕು? ಮೊದಲನೆಯದು ಎಸ್ಪ್ಲನೇಡ್–ಖಿದಿರ್‌ಪುರ. ಮೈದಾನದ ಹುಲ್ಲು, ಮರಗಳ ನಡುವೆ ಹಳಿ ಬಹುಪಾಲು ಬೇರೆಯೇ ಇದೆ. ಕಾರಿನ ಜೊತೆ ಜಗಳವೇ ಇಲ್ಲ. ಸರ್ಕಾರ ಇದರದ್ದೇ ತುಂಡನ್ನು ಜಾಲಿ ರೈಡಿಗೆ ಇಟ್ಟುಕೊಳ್ಳುತ್ತೇನೆ ಅನ್ನುತ್ತಿದೆ. ನನ್ನ ಮಾತು ಇಷ್ಟೇ: ಅದನ್ನು ಖಿದಿರ್‌ಪುರದ ಕೆಲಸದವರು ಬೆಳಿಗ್ಗೆ ಹತ್ತುವ ಗಾಡಿಯಾಗಿ ಓಡಿಸಿ, ಹತ್ತು ನಿಮಿಷಕ್ಕೊಂದು ಬಿಡಿ. ಪ್ರವಾಸಿಗರೂ ಅದರಲ್ಲೇ ಹತ್ತುತ್ತಾರೆ.

ಎರಡನೆಯದು ಟಾಲಿಗಂಜ್–ಬಾಲಿಗಂಜ್, ರಾಸ್‌ಬಿಹಾರಿ ಅವೆನ್ಯೂ ಮೇಲೆ. ರಸ್ತೆ ಅಗಲ ಇದೆ. ಒಡೆದ ಕಟ್ಟೆಯನ್ನು ಮತ್ತೆ ಕಟ್ಟಬೇಕು. ಕಾರಿನವರಿಗೆ ಒಂದೊಂದು ಲೇನ್ ಕಡಿಮೆಯಾಗುತ್ತದೆ, ಗಲಾಟೆ ಆಗುತ್ತದೆ. ಆಗಲಿ. ಆ ದಾರಿಯ ಒಂದು ತುದಿಯಲ್ಲಿ ಮೆಟ್ರೊ, ಇನ್ನೊಂದು ತುದಿಯಲ್ಲಿ ಬಾಲಿಗಂಜ್ ಲೋಕಲ್ ರೈಲು, ನಡುವೆ ಗರಿಯಾಹಾಟ್ ಮಾರುಕಟ್ಟೆ. ಜನ ಸಿಗದೇ ಇರುವ ಮಾತೇ ಇಲ್ಲ.

ಮೂರನೆಯದೇ ನನ್ನ ಹೃದಯಕ್ಕೆ ಹತ್ತಿರದ್ದು, ಕಷ್ಟದ್ದೂ ಅದೇ. ಶ್ಯಾಮ್‌ಬಜಾರ್‌ನಿಂದ ಕಾಲೇಜ್ ಸ್ಟ್ರೀಟ್ ಮೇಲೆ ಧರ್ಮತಲಾಗೆ, ಅಂದರೆ ಎಸ್ಪ್ಲನೇಡ್ ಕಡೆಗೆ, ಬರುವ 5ನೇ ನಂಬರಿನ ದಾರಿ. ಪ್ರೆಸಿಡೆನ್ಸಿ, ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜು ಆಸ್ಪತ್ರೆ, ಸಾಲು ಸಾಲು ಪುಸ್ತಕದಂಗಡಿ ಎಲ್ಲ ಇಲ್ಲೇ. ನೀನು ಕೇಳಬಹುದು, ಪಕ್ಕದಲ್ಲೇ ಸೆಂಟ್ರಲ್ ಅವೆನ್ಯೂ ಕೆಳಗೆ ಮೆಟ್ರೊ ಓಡುತ್ತದಲ್ಲ ಎಂದು. ಓಡುತ್ತದೆ. ಆದರೆ ಆಸ್ಪತ್ರೆಗೆ ಬರುವ ಮುದುಕಿಗೆ ಸ್ಟೇಷನ್ ಮೆಟ್ಟಿಲು ಹತ್ತಿ, ಅಲ್ಲಿಂದ ಗಲ್ಲಿ ದಾಟಿ ನಡೆಯುವುದು ಸುಲಭವಲ್ಲ. ಟ್ರಾಮ್ ಅವಳನ್ನು ಗೇಟಿನ ಮುಂದೆ ಇಳಿಸುತ್ತದೆ. ರಸ್ತೆ ಕಿರಿದು, ಹಾಗಾಗಿ ಇಲ್ಲಿ ಕಟ್ಟೆ ಕಟ್ಟಲು ಆಗುವುದಿಲ್ಲ. ದಾರಿ ಒಂದೇ. ಕಾಲೇಜ್ ಸ್ಟ್ರೀಟಿನ ಆ ಭಾಗವನ್ನು ನಡೆಯುವವರಿಗೆ, ಆಂಬುಲೆನ್ಸಿಗೆ ಮತ್ತು ಟ್ರಾಮಿಗೆ ಮಾತ್ರ ಬಿಡಬೇಕು. ಪುಸ್ತಕದ ಗಾಡಿಗಳು ರಾತ್ರಿ, ಬೆಳಗಿನ ಜಾವ ಬಂದು ಇಳಿಸಿ ಹೋಗಲಿ. ಜೊತೆಗೆ ಚರಂಡಿ ಕೆಲಸ ಆಗಲೇಬೇಕು. ಅಲ್ಲಿ ಜೋರು ಮಳೆ ಬಂದರೆ ಮೊಣಕಾಲು ನೀರು. ಟ್ರಾಮಿನ ಮೋಟಾರು ನೆಲಕ್ಕೆ ಹತ್ತಿರ ಇರುತ್ತದೆ, ನೀರು ನಿಂತರೆ ಗಾಡಿಯೂ ನಿಲ್ಲುತ್ತದೆ.

ಚಿತ್‌ಪುರ ರಸ್ತೆಗೆ ಬೇಡ ಎಂದೇ ಹೇಳುತ್ತೇನೆ. ರವೀಂದ್ರನಾಥ ಟ್ಯಾಗೋರರ ಮನೆಯಿರುವ ಜೋಡಾಸಾಂಕೋ ಪಕ್ಕದ ಹಳೇ ರಸ್ತೆ ಅದು. ಅಲ್ಲಿ ಅಂಗಡಿ ಬಾಗಿಲಿಗೆ ತಾಗಿದಂತೆ ಟ್ರಾಮ್ ಹೋಗುವ ಚಿತ್ರಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕೈಗಾಡಿ, ಲಾರಿ, ಹೊರೆ ಹೊತ್ತವರು ಬದುಕುವ ಬೀದಿ ಅದು. ಅವರನ್ನು ಎಲ್ಲಿಗೆ ಕಳಿಸುವುದು? ಹೌರಾ ಸೇತುವೆಯೂ ಬೇಡ. ಅಲ್ಲಿ 1993ರಲ್ಲೇ ನಿಂತಿತು, ಈಗ ಮೆಟ್ರೊ ನದಿಯ ಅಡಿಯಲ್ಲೇ ದಾಟುತ್ತದೆ.

ಗಾಡಿಗಳೂ ಬದಲಾಗಬೇಕು. ಎತ್ತರದ ಮೆಟ್ಟಿಲಿನ ಹಳೇ ಬೋಗಿಗಳು ನೋಡಲು ಚಂದ, ಹತ್ತಲು ಕಷ್ಟ. ನೆಲಕ್ಕೆ ತಗ್ಗಿದ ಬೋಗಿ, ಗಾಲಿಕುರ್ಚಿ ಹತ್ತುವಂಥ ಬಾಗಿಲು ಬೇಕು. ಕಂಬಿ ಹಿಡಿದು ಕೈಯಿಂದ ಹಳಿ ಬದಲಿಸುವ ಪದ್ಧತಿ ಹೋಗಬೇಕು. ಸಿಗ್ನಲ್ಲಿನಲ್ಲಿ ಟ್ರಾಮಿಗೆ ಮೊದಲು ಹಸಿರು ಸಿಗಬೇಕು. ಹಣ ಎಲ್ಲಿಂದ ಅಂದರೆ, ಬಸ್ಸನ್ನೂ ಸರ್ಕಾರವೇ ಸಾಕುತ್ತಿದೆ. ಇಲ್ಲಿ 15 ವರ್ಷ ಆದ ಬಸ್ ರಸ್ತೆಗೆ ಇಳಿಯುವಂತಿಲ್ಲ ಎಂಬ ನಿಯಮ ಬಂದು ಎಷ್ಟೋ ಬಸ್ ಹೋದವು. ಎಲೆಕ್ಟ್ರಿಕ್ ಬಸ್ಸಿಗೆ ಬ್ಯಾಟರಿ ಬದಲಿಸುತ್ತಿರಬೇಕು. ಚೆನ್ನಾಗಿ ನೋಡಿಕೊಂಡ ಟ್ರಾಮ್ ನಲವತ್ತು ವರ್ಷ ಓಡುತ್ತದೆ. ಖರ್ಚನ್ನು ಅಷ್ಟು ವರ್ಷಕ್ಕೆ ಹಂಚಿ ನೋಡಬೇಕು, ಒಂದು ಬಜೆಟ್ಟಿನಲ್ಲಿ ನೋಡಿದರೆ ಸರಿಯಾಗಿ ಕಾಣುವುದಿಲ್ಲ.

ಇಲ್ಲಿ ನಾವು ಕೆಲವರು ಸೇರಿ ರಾಸ್‌ಬಿಹಾರಿ ಅವೆನ್ಯೂ ಬಗ್ಗೆ ಒಂದು ಮನವಿ ಬರೆಯುತ್ತಿದ್ದೇವೆ. ಅದರಲ್ಲಿ ಬರೀ ಭಾವನೆಯ ಮಾತು ಇರಬಾರದು ಅನ್ನುವುದು ನನ್ನ ಆಸೆ. ನೀನು ಔಟರ್ ರಿಂಗ್ ರೋಡಿನ ಲೇನನ್ನು ಹತ್ತಿರದಿಂದ ನೋಡಿದವನು. ಬೊಲಾರ್ಡ್‌ಗಳು ಎಲ್ಲಿ ಮೊದಲು ಒಡೆದವು, ಯಾಕೆ, ಪೊಲೀಸರು ಎಷ್ಟು ದಿನ ನಿಂತರು, ಬಸ್ ಸ್ಟಾಪಿನ ಹತ್ತಿರ ಜನ ಹೇಗೆ ದಾಟುತ್ತಿದ್ದರು, ಇಷ್ಟನ್ನು ಬರೆದು ಕಳಿಸು. ಕಟ್ಟೆಯ ಎತ್ತರ ಎಷ್ಟಿದ್ದರೆ ಕಾರು ಹತ್ತುವುದಿಲ್ಲ, ಆದರೆ ಆಂಬುಲೆನ್ಸ್ ಬೇಕಾದಾಗ ದಾಟಬಹುದು ಅನ್ನುವುದನ್ನೂ ಯೋಚಿಸಿ ಹೇಳು. ಈ ತಿಂಗಳ ಕೊನೆಯೊಳಗೆ ಸಿಕ್ಕರೆ ಮನವಿಯಲ್ಲಿ ಸೇರಿಸುತ್ತೇನೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು.

ನಿನ್ನ,
ಕೋಲ್ಕತ್ತಾದ ಗೆಳೆಯ