ಬುದ್ಧನ ಬೋಧೆ ನಿರಾಶೆಯದಲ್ಲ

ಮಾನ್ಯರೇ,

ಬುದ್ಧಪೂರ್ಣಿಮೆ ಬಂದಾಗಲೆಲ್ಲ ‘ಬದುಕೆಲ್ಲ ದುಃಖ, ಆಸೆಯೇ ದುಃಖಕ್ಕೆ ಮೂಲ’ ಎಂಬ ಒಂದೇ ಸಾಲಿನಲ್ಲಿ ಬುದ್ಧನ ಬೋಧೆಯನ್ನು ಮುಗಿಸಿಬಿಡುವ ರೂಢಿ ನಮ್ಮಲ್ಲಿ ಬೇರೂರಿದೆ. ಸಾರನಾಥದ ಜಿಂಕೆವನದಲ್ಲಿ ಐವರು ಸಾಧಕರ ಮುಂದೆ ಆತ ಹೇಳಿದ್ದು ನಾಲ್ಕು ಸತ್ಯಗಳನ್ನು. ದುಃಖವಿದೆ, ಅದಕ್ಕೆ ಕಾರಣವಿದೆ ಎನ್ನುವಲ್ಲಿಗೇ ನಿಲ್ಲದೆ, ಅದನ್ನು ನೀಗಬಹುದು, ನೀಗಲು ಎಂಟು ಅಂಗಗಳ ಮಾರ್ಗವಿದೆ ಎಂದೂ ಆತ ತೋರಿಸಿಕೊಟ್ಟ. ನಾವು ‘ಆಸೆ’ ಎಂದು ಕರೆಯುವ, ಪಾಲಿ ಭಾಷೆಯ ‘ತಣ್ಹಾ’ ಎಂದರೆ ತಣಿಯದ ಬಾಯಾರಿಕೆ. ಮಗಳನ್ನು ಓದಿಸಬೇಕೆಂಬ ತಾಯಿಯ ಹಂಬಲವನ್ನೂ ಅದೇ ಸಾಲಿಗೆ ಸೇರಿಸಿ ಹಳಿಯುವುದು ಬುದ್ಧನಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಶಾಶ್ವತವಾದ ಆತ್ಮವನ್ನು ಒಪ್ಪದ ಬೌದ್ಧರು ಪುನರ್ಜನ್ಮವನ್ನು ಒಪ್ಪುವುದು ಹೇಗೆ ಎಂಬ ಪ್ರಶ್ನೆಯೂ ಹಳೆಯದೇ. ‘ಮಿಲಿಂದಪಞ್ಹ’ ಎಂಬ ಪಾಲಿ ಗ್ರಂಥದಲ್ಲಿ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ದೀಪದಿಂದ ದೀಪ ಹೊತ್ತಿಸುವ ಹೋಲಿಕೆಯಲ್ಲಿ ಕೊಟ್ಟ ಉತ್ತರ ನನಗೆ ನಿಜವಾಗಿ ಮನದಟ್ಟಾದದ್ದು ಬೈಲಕುಪ್ಪೆಯಲ್ಲಿ. ಅಲ್ಲಿ ಟಿಬೆಟನ್ ಅಜ್ಜಿಯೊಬ್ಬರು ನಡುಗುವ ಕೈಯಿಂದ, ಉರಿಯುತ್ತಿದ್ದ ದೀಪದಿಂದ ಮತ್ತೊಂದು ಬತ್ತಿಯನ್ನು ಹೊತ್ತಿಸುತ್ತಿದ್ದರು. ಮೊದಲ ದೀಪದಿಂದ ಯಾವ ವಸ್ತುವೂ ಎದ್ದುಹೋಗಿ ಎರಡನೆಯದರಲ್ಲಿ ಕೂರಲಿಲ್ಲ. ಆದರೂ ಮೊದಲನೆಯದಿಲ್ಲದೆ ಎರಡನೆಯದು ಹೊತ್ತುತ್ತಿರಲಿಲ್ಲ. ಕರ್ಮದ ಸಂತತಿಯನ್ನು, ಅಂದರೆ ಒಂದು ಜನ್ಮದಿಂದ ಇನ್ನೊಂದಕ್ಕೆ ಸಾಗುವ ಅದರ ಹರಿವನ್ನು, ಬೌದ್ಧರು ವಿವರಿಸುವುದು ಹೀಗೆ.

ನಿರ್ವಾಣವೆಂದರೆ ಆರಿಹೋಗುವುದು, ನಿಜ. ಆರುವುದು ರಾಗ, ದ್ವೇಷ, ಮೋಹಗಳ ಬೆಂಕಿ. ಬೋಧಿಯನ್ನು ಪಡೆದವನು ಲೋಕಕ್ಕೆ ಬೆನ್ನು ತಿರುಗಿಸಿ ಕೂರದೆ, ಮುಂದಿನ 45 ವರ್ಷ ಊರೂರು ನಡೆದು ಬೋಧಿಸಿದ ಎಂದು ಪಾಲಿ ಪರಂಪರೆ ಹೇಳುತ್ತದೆ. ಮುಂದಿನ ಪೂರ್ಣಿಮೆಯ ಪುರವಣಿಯಲ್ಲಾದರೂ ಪಾಲಿ ಬಲ್ಲವರಿಂದ ಈ ವಿಚಾರಗಳನ್ನು ಬರೆಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು