ಅಮ್ಮನ ನೋವಿನ ಬಗ್ಗೆ ಮೊದಲು ಕೇಳು

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅಮ್ಮನ ಕ್ಯಾನ್ಸರ್ ಮೇದೋಜೀರಕದಿಂದ (ಪ್ಯಾಂಕ್ರಿಯಾಸ್) ಲಿವರ್‌ಗೆ ಹರಡಿದೆ, ಇನ್ನು ಕೀಮೋ ಕೊಟ್ಟರೂ ಪ್ರಯೋಜನ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರು ಹೇಳಿದರು ಅಂದೆ. ಆಮೇಲೆ ನಿನಗೆ ಮಾತೇ ಹೊರಡಲಿಲ್ಲ. ಇಂಥದ್ದನ್ನೆಲ್ಲ ಫೋನಿನಲ್ಲಿ ಹೇಳೋಕೆ ನನಗೂ ಆಗುವುದಿಲ್ಲ ಮಾರಾಯ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಕಷ್ಟದಲ್ಲಿ ಇರುವ ಬೇರೆಯವರೂ ಓದಲಿ, ಹೆಸರು ಹಾಕದೆ ಎಲ್ಲರಿಗೂ ಕಾಣುವ ಹಾಗೆ ಹಾಕು ಅಂತ ನೀನೇ ಹೇಳಿದ್ದರಿಂದ ಇಲ್ಲಿ ಹಾಕಿದ್ದೇನೆ.

ಮನೆಗೆ ಕರೆದುಕೊಂಡು ಹೋಗಿ ಅಂದ ಕೂಡಲೇ ಇನ್ನು ಏನೂ ಮಾಡುವ ಹಾಗಿಲ್ಲ ಅಂತ ಅನ್ನಿಸಿಬಿಡುತ್ತದೆ. ಮಾಡುವುದು ಬೇಕಾದಷ್ಟಿದೆ. ಎಲ್ಲಕ್ಕಿಂತ ಮೊದಲು ನೋವು.

ಅಮ್ಮ ರಾತ್ರಿ ಮಲಗುವುದಿಲ್ಲ, ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾರೆ ಅಂದೆಯಲ್ಲ, ಅದು ಈ ಕಾಯಿಲೆಯ ನೋವೇ. ಬೆನ್ನಿಗೆ ಹೊಡೆಯುತ್ತದೆ, ಬಾಗಿದರೆ ಸ್ವಲ್ಪ ಹಗುರ ಆಗುತ್ತದೆ. ಇದನ್ನು ಅವರು ಸಹಿಸಿಕೊಂಡು ಕೂರಬೇಕಾಗಿಲ್ಲ. ಮಾರ್ಫಿನ್ ಅನ್ನುವ ಜೋರು ನೋವಿನ ಮಾತ್ರೆ ಇದೆ. ನಿಧಾನವಾಗಿ ಕರಗುವಂಥದ್ದಲ್ಲ, ಸಾಮಾನ್ಯ ಮಾರ್ಫಿನ್ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು. ಮಧ್ಯೆ ನೋವು ಜಾಸ್ತಿಯಾದರೆ ಎಷ್ಟು ಕೊಡಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡಿರು. ಮಲ ಕಟ್ಟುತ್ತದೆ, ಖಂಡಿತ ಕಟ್ಟುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೇಳು. ಹೊಟ್ಟೆಯ ಹಿಂಭಾಗದ ನರಗಳಿಗೆ ಇಂಜೆಕ್ಷನ್ ಕೊಟ್ಟು ಈ ನೋವನ್ನು ತಗ್ಗಿಸುವುದೂ ಉಂಟು, ಅಮ್ಮನಿಗೆ ಆಗುತ್ತದಾ ಅಂತ ವಿಚಾರಿಸು.

ನಿನ್ನ ಮಾವ ಹೇಳಿದ ಹಾಗೆ ಮಾರ್ಫಿನ್ ಚಟ ಹತ್ತಿಬಿಡುತ್ತದೆ ಅಂತ ಹೆದರಬೇಡ. ನನ್ನ ಅಣ್ಣನಿಗೆ ಕ್ಯಾನ್ಸರ್ ಆಗಿದ್ದಾಗ ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ತಿಳಿದವರ ಕೈಯಲ್ಲಿ, ಅಳತೆಯಾಗಿ, ನೋವಿಗೆ ಅಂತ ಕೊಟ್ಟಾಗ ಹಾಗಾಗುವುದು ಬಹಳ ಅಪರೂಪ. ಮಾದಕ ವಸ್ತುಗಳ ಮೇಲಿನ 1985ರ ಕಾನೂನು ಎಷ್ಟು ಬಿಗಿಯಾಗಿತ್ತು ಅಂದರೆ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿ ಮಾಡಿ ಸಡಿಲ ಮಾಡಿದರು. ಈಗಲೂ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಕಷ್ಟ, ಪಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ ಇರುವ ಕಡೆಗೇ ಹೋಗಬೇಕು. ನಿನ್ನ ಪುಣೆಯಲ್ಲೇ ವಾರ್ಜೆಯಲ್ಲಿ ಔಷಧಿ ಕಂಪನಿ ಸಿಪ್ಲಾದವರ ಇಂಥ ಕೇಂದ್ರ ಇದೆ, 1997ರಿಂದ ನಡೆಯುತ್ತಿದೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಮನೆಯವರೂ ಜೊತೆಗೆ ಇರಬಹುದು. ನಾಳೆಯೇ ಫೈಲ್ ಹಿಡಿದುಕೊಂಡು ಹೋಗು. ಕೊನೆಯ ಗಳಿಗೆಯಲ್ಲಿ ಹೋಗುವ ಜಾಗ ಅಂತ ತಿಳಿಯಬೇಡ, ಬೇಗ ಹೋದಷ್ಟೂ ಅಮ್ಮನಿಗೆ ಒಳ್ಳೆಯದು.

ಮುಂಬಯಿಗೆ, ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕರೆತರಲಾ ಅಂತ ಕೇಳಿದ್ದೀ. ರಿಪೋರ್ಟ್ ತಂದು ಇನ್ನೊಂದು ಅಭಿಪ್ರಾಯ ಕೇಳುವುದಾದರೆ ಕೇಳು, ನಾನು ಜೊತೆಗೆ ಬರುತ್ತೇನೆ. ಆದರೆ ಅಮ್ಮನನ್ನು ಈ ಸ್ಥಿತಿಯಲ್ಲಿ ಘಾಟಿ ಇಳಿಸಿ ತಂದು ಓಪಿಡಿ ಸಾಲಿನಲ್ಲಿ ಕೂರಿಸಬೇಡ. ಆ ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡು ಸರದಿಗೆ ಕಾಯುವವರನ್ನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅಮ್ಮನಿಗೆ ಹೇಳಬೇಕಾ ಬೇಡವಾ ಅನ್ನುವುದು ನಿನ್ನ ಇನ್ನೊಂದು ಪ್ರಶ್ನೆ. ಅವರಿಗೆ ಗೊತ್ತಾಗಿರುತ್ತದೆ ಕಣೋ. ಅಣ್ಣನದು ಬಾಯಿಯ ಕ್ಯಾನ್ಸರ್, ಕೊನೆಕೊನೆಗೆ ಮಾತು ಹೊರಡುತ್ತಿರಲಿಲ್ಲ. ಮಾಟುಂಗಾದ ಹೋಟೆಲಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ ಸಣ್ಣ ಪ್ಯಾಡ್ ಇತ್ತಲ್ಲ, ಅದರಲ್ಲೇ ಬರೆದು ತೋರಿಸುತ್ತಿದ್ದ. ಬಾಂದ್ರಾದಲ್ಲಿ ಮೌಂಟ್ ಮೇರಿ ಚರ್ಚಿನ ಹತ್ತಿರ ಶಾಂತಿ ಅವೇದನಾ ಸದನ ಇದೆ, ನಮ್ಮ ದೇಶದ ಮೊದಲ ಹಾಸ್ಪಿಸ್ (ವಾಸಿಯಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗ), 1986ರಲ್ಲಿ ಶುರುವಾದದ್ದು. ಅಣ್ಣನನ್ನು ಅಲ್ಲಿ ಸೇರಿಸಿದ್ದೆವು. ನೋವು ಹಿಡಿತಕ್ಕೆ ಬಂದ ಮೇಲೆ ಅವನು ಪ್ಯಾಡ್ ಕೇಳಿ ತೆಗೆದುಕೊಂಡು, ಟೇಬಲ್ ನಂಬರ್ ಬರೆಯುವ ಜಾಗವನ್ನು ಬಿಟ್ಟು, ಅದರ ಕೆಳಗಿನಿಂದ ಶುರು ಮಾಡಿದ: 'ಅತ್ತಿಗೆಗೆ ಚೀಟಿ ದುಡ್ಡು ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲ. ಬರೆದುಕೋ.' ಯಾರಿಂದ ಎಷ್ಟು ಬರಬೇಕು, ಊರಿನ ತೋಟದ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಎಲ್ಲ ಬರೆದ. ಆಮೇಲೆ ಇನ್ನೊಂದು ಹಾಳೆ ತಿರುಗಿಸಿ, 'ಮಗಳಿಗೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ, ಈಗಲೇ ಕರೆಸಿ' ಅಂತ ಬರೆದ. ಹಿಂದಿನ ವಾರ ಪೂರ್ತಿ ಆ ನೋವಿನಲ್ಲಿ ಅವನಿಗೆ ಮಗಳ ನೆನಪು ಮಾಡಿಕೊಳ್ಳುವುದಕ್ಕೂ ಬಿಡುವಿರಲಿಲ್ಲ. ಮಗಳು ಬಂದಳು. ಅವಳು ಮಾತಾಡಿದಳು, ಅವನು ಬರೆದ. ಆ ಹಾಳೆಗಳು ಅವಳ ಹತ್ತಿರ ಇವೆ, ನಾವು ಯಾರೂ ಕೇಳಿ ನೋಡಿಲ್ಲ.

ಅದಕ್ಕೇ ನೋವು ಮೊದಲು ಅಂತ ಹಟ ಹಿಡಿಯುತ್ತಿರುವುದು. ನೋವು ಇಳಿದ ಮೇಲೆ ಅಮ್ಮನ ಹತ್ತಿರ ಕೂತು, 'ಡಾಕ್ಟರು ಹೇಳಿದ್ದರಲ್ಲಿ ನಿನಗೆ ಏನು ಗೊತ್ತಾಗಬೇಕು ಅಮ್ಮಾ' ಅಂತ ಕೇಳು. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದೆ ಉತ್ತರ ಕೊಡು. ಬೇಡ ಅಂದರೆ ಬಿಡು.

ಐಸಿಯು, ವೆಂಟಿಲೇಟರ್ ಬೇಕಾ ಅನ್ನುವುದನ್ನೂ ಅವರೇ ಹೇಳಲಿ. ಬೇಡ ಅಂತ ಮೊದಲೇ ಬರೆದಿಡುವುದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ, 2023ರಲ್ಲಿ ಕ್ರಮವನ್ನು ಸುಲಭ ಮಾಡಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಮಾಡಿಸಬಹುದು. ಹೀಗೆ ಬರೆದಿಟ್ಟರೆ ನಡುರಾತ್ರಿ ನೀನೂ ತಂಗಿಯೂ ಆಸ್ಪತ್ರೆ ಬಾಗಿಲಲ್ಲಿ ವಾದ ಮಾಡುವುದು ತಪ್ಪುತ್ತದೆ.

ಊಟದ ಬಗ್ಗೆ ಒಂದು ಮಾತು. ಅಮ್ಮ ಎರಡು ಚಮಚ ಗಂಜಿ ಕುಡಿದು ಸಾಕು ಅಂದರೆ ಸಾಕು. ಒತ್ತಾಯ ಮಾಡಿ ತುರುಕಬೇಡ, ತಂಗಿಗೂ ಹೇಳು. ಕೊನೆಗೆ ದೇಹಕ್ಕೇ ಊಟ ಬೇಡವಾಗುತ್ತದೆ, ಹಸಿವಿನಿಂದ ಸಾಯಿಸುತ್ತಿದ್ದೇವೆ ಅಂತ ಅಂದುಕೊಳ್ಳಬೇಡಿ. ತುಟಿ ಒಣಗಿದರೆ ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸು. ಉಸಿರು ನಿಂತು ನಿಂತು ಬರಬಹುದು, ಗಂಟಲಿನಲ್ಲಿ ಗೊರಗೊರ ಸದ್ದಾಗಬಹುದು. ಕೇಳುವವರಿಗೆ ಜೀವ ಹೋದ ಹಾಗಾಗುತ್ತದೆ, ಆದರೆ ಅವರಿಗೆ ಅಷ್ಟು ಹಿಂಸೆ ಆಗುತ್ತಿರುವುದಿಲ್ಲ ಅಂತ ಅಣ್ಣ ಇದ್ದ ಸದನದ ಸಿಸ್ಟರ್ ನಮಗೆ ಹೇಳಿದ್ದರು. ಪಕ್ಕಕ್ಕೆ ತಿರುಗಿಸಿ ಮಲಗಿಸು. ಮಾತಾಡುತ್ತಿರು, ಕೇಳಿಸುತ್ತಿರಬಹುದು.

ಅಳು ಬಂದರೆ ಅಳು. ಗಂಡಸು, ಗಟ್ಟಿಯಾಗಿರಬೇಕು ಅಂತ ಯಾರಾದರೂ ಬಂದು ಹೇಳಿದರೆ ಅವರಿಗೆ ಚಾ ಕೊಟ್ಟು ಕಳಿಸು.

ಶುಕ್ರವಾರ ಸಂಜೆ ಡೆಕ್ಕನ್ ಕ್ವೀನ್ ರೈಲಿಗೆ ಬರುತ್ತೇನೆ. ರಾತ್ರಿ ಅಮ್ಮನ ಹತ್ತಿರ ನಾನು ಕೂರುತ್ತೇನೆ, ನೀನು ಮಲಗು. ಮಾತ್ರೆಯ ಹೊತ್ತು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿಡು.

ನಿನ್ನ ಗೆಳೆಯ
ಮುಂಬಯಿ